ಅಕ್ಕನ ತೋಳಿನ ಹೆಪ್ಪು

ಪ್ರೀತಿಯ ಅಕ್ಕಾ,

ನಿನ್ನನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದ್ದಾರೆ. ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕುಳಿತಿರಲಾರದೆ ಇದನ್ನು ಬರೆಯುತ್ತಿದ್ದೇನೆ.

ಡಯಾಲಿಸಿಸ್‌ಗೆಂದು ನಿನ್ನ ಎಡತೋಳಿನ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಹೆಪ್ಪುಗಟ್ಟಿದೆಯೆಂದು ನರ್ಸಮ್ಮ ಹೇಳಿದಾಗ ನಾನು ನಂಬಲಿಲ್ಲ. ದಿನವೂ ಅದರ ಮೇಲೆ ಬೆರಳಿಟ್ಟು ರಕ್ತದ ಝುಮ್ಮೆನ್ನುವ ಓಟವನ್ನು ನೋಡುವವಳು ನೀನು, ವಿಚಾರಿಸುವವನು ನಾನು. ಈ ಬೆಳಿಗ್ಗೆಯೂ ನೀನು, "ಓಡ್ತಿದೆ ಮೇಷ್ಟ್ರೇ, ಹಾಜರಿ ಹಾಕ್ಕೋ" ಎಂದು ಛೇಡಿಸಿದ್ದೆ. ಬಲತೋಳಿನದು ಹಿಂದೆಯೇ ಕೆಟ್ಟಿದೆ. ಇದೂ ಹೋದರೆ ಕುತ್ತಿಗೆಗೆ ಕೊಳವೆಯೇ ಗತಿ.

ವೈದ್ಯರು ಎರಡು ದಾರಿಗಳನ್ನು ತೂಗಿ ನೋಡಿದರು. ಸೂಜಿಯ ರಂಧ್ರದಿಂದ ಔಷಧ ಬಿಟ್ಟು, ಹೆಪ್ಪನ್ನು ಕರಗಿಸಿ ಹೀರುವುದು ಒಂದು. ತೋಳನ್ನು ತುಸು ಕೊಯ್ದು, ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಯನ್ನು ಹೆಪ್ಪಿನಾಚೆಗೆ ತೂರಿಸಿ, ಬಲೂನನ್ನು ಉಬ್ಬಿಸಿ ಎಳೆದು ತೆಗೆಯುವುದು ಇನ್ನೊಂದು. "ಫಲ ಹೆಚ್ಚುಕಡಿಮೆ ಒಂದೇ. ಹೊಸ ಹೆಪ್ಪಾದ್ರೆ ಔಷಧಕ್ಕೆ ಬಗ್ಗುತ್ತೆ. ಹಳೇದು ನಾಳದ ಗೋಡೆ ಕಚ್ಕೊಂಡಿರುತ್ತೆ. ಓಟ ಯಾವಾಗ ನಿಂತಿದ್ದು?" ಎಂದು ಕೇಳಿದರು.

ಪ್ರಶ್ನೆ ನಿನಗಿದ್ದರೂ, "ಬೆಳಿಗ್ಗೆ ಓಡುತ್ತಿತ್ತು" ಎಂದು ನಾನೇ ಉತ್ತರಿಸಿದೆ. ವೈದ್ಯರು ಔಷಧ ತರಲು ಹೇಳಿಯೂ ಆಯಿತು. ಆಗ ನೀನು ಗೋಡೆಯತ್ತ ಮುಖ ತಿರುಗಿಸಿ, "ಅವನ ಮಾತು ಬಿಡಿ ಡಾಕ್ಟ್ರೇ. ಮೊನ್ನೆ ಸಂಜೇನೇ ನಿಂತಿತ್ತು. ಕುತ್ತಿಗೆಗೆ ಮತ್ತೆ ಚುಚ್ತೀರ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದೆ.

ವೈದ್ಯರು ಔಷಧ ಬೇಡವೆಂದರು. ಕೊಯ್ದು ತೆಗೆಯುವುದೇ ಲೇಸೆಂದರು. ಎಳೆಯುವಾಗ ನಾಳ ಹರಿಯುವ ಭಯವಿದೆ ಎಂಬುದನ್ನೂ ಮರೆಮಾಚಲಿಲ್ಲ.

ನನಗೆ ಸಿಟ್ಟು ಬಂದದ್ದು ನಿಜ. ಚಿಕ್ಕಂದಿನಲ್ಲಿ ಮೈಯೆಲ್ಲ ಕೆಂಡವಾಗುವಂಥ ಜ್ವರ ಬಂದರೂ ಅಮ್ಮನಿಗೆ ತಿಳಿಸದೆ ನಾನು ನಿನ್ನ ಬಳಿಗೆ ಬರುತ್ತಿದ್ದೆ. ನಿನ್ನ ಭಯ ಮಾತ್ರ ನನ್ನ ಬಳಿಗೆ ಬರಲಿಲ್ಲ. ಸಿಟ್ಟಿಗಿಂತ ಅದೇ ಹೆಚ್ಚು ಚುಚ್ಚಿತು.

ಇದೀಗ ನರ್ಸಮ್ಮ ತಲೆ ಹೊರಹಾಕಿ, "ಹೆಪ್ಪು ಬಂತು. ಒಂದು ಕಡೆ ನಾಳ ಕಿರಿದಾಗಿದೆ, ಹಿಗ್ಗಿಸ್ತಿದ್ದಾರೆ. ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ" ಎಂದು ಹೇಳಿ ಹೋದಳು.

ಉಳಿದರೆ ಸಂತೋಷ. ಉಳಿಯದಿದ್ದರೆ, ಕುತ್ತಿಗೆಯ ಕೊಳವೆಯ ಮೇಲಿನ ಪಟ್ಟಿ ಒದ್ದೆಯಾಗದಂತೆ ನಿನ್ನ ತಲೆ ತೊಳೆಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತೇನೆ. ಕಣ್ಣಿಗೆ ಸೋಪು ಹೋದರೆ ಬಾಯಿತುಂಬ ಬೈಯಬಹುದು, ಸುಮ್ಮನಿರುವಂತಿಲ್ಲ.

ಹಿರಿಯಳನ್ನು ಹರಸುವ ಅಧಿಕಾರ ನನಗಿಲ್ಲ. ನೀನೇ ಹೊರಬಂದು ನನ್ನನ್ನು ಹರಸು.

ಬಾಗಿಲ ಬಳಿಯೇ ಇರುವ
ನಿನ್ನ ತಮ್ಮ