ಎಡಗಡೆಯ ಗೆಲುವುಗಳು

ಬಣ್ಣದ ಕೋಣೆಯ ಮೇಲಿನ ಮಹಡಿಯಿಂದ,
ಜುಲೈ 5, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೇ,

ನಿನ್ನಿಂದ ಹುಟ್ಟಾ ಕಪಿ ಎಂಬ ಬಿರುದು ಪಡೆದು, ಅದನ್ನು ಒಂದು ದಿನವೂ ಕಳಚಿಡದೆ ಧರಿಸಿರುವ ನಿನ್ನ ತಮ್ಮನ ಮಗಳು ಅತ್ಯಂತ ಗಂಭೀರವಾಗಿ ಬರೆಯುತ್ತಿರುವ ಪತ್ರವಿದು. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆಗೆ ಬೈಯುತ್ತೀಯಾ? ಹಾಸ್ಟೆಲಿನ ಹುಡುಗಿಯರು ವಾರ್ಡನಮ್ಮನ ಚಪ್ಪಲಿ ಸದ್ದು ಕೇಳಿದ ಕೂಡಲೇ ಪುಸ್ತಕ ತೆರೆದು ತಲೆಕೆಳಗಾಗಿ ಹಿಡಿದುಕೊಳ್ಳುವ ಪದ್ಧತಿ ಮುಂದುವರಿದಿದೆ ತಾನೆ? ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಹತೋಟಿಯಲ್ಲಿಲ್ಲ. ಈಗ ವಿಷಯ. ಇದು ಅಪ್ಪನ ಕಣ್ಣಿನ ಸಂಗತಿ. ಎದೆ ಹಿಡಿದುಕೊಳ್ಳಬೇಡ. ನಾನು ಇದನ್ನು ಬರೆಯುವ ಹೊತ್ತಿಗೆ ಅಪ್ಪ ಕೆಳಗೆ ಕೂತು, ಯಾರೋ ಡಬ್ಬದ ಮುಚ್ಚಳ ಸರಿಯಾಗಿ ಹಾಕಿಲ್ಲವೆಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಾನೆ. ಆ ಯಾರೋ ಯಾರೆಂದು ನಿನಗೆ ಹೇಳಬೇಕಾಗಿಲ್ಲ.

ನಮ್ಮ ಮನೆಯ ಸಂವಿಧಾನ ನಿನಗೆ ಗೊತ್ತೇ ಇದೆ. ಬೋರ್ಡು ಬರೆಯುವ ಕೋಣೆಯಲ್ಲಿ ಅಪ್ಪನ ಮೇಲೆ ಯಾವ ಕುಚೋದ್ಯವನ್ನಾದರೂ ಮಾಡಬಹುದು. ಸಿಕ್ಕಿಬಿದ್ದರೆ ಮಾತ್ರ ಆ ದಿನದ ಕುಂಚಗಳನ್ನೆಲ್ಲ ತೊಳೆಯಬೇಕು. ಅಪ್ಪನಿಗೆ ಹದ್ದು ಎಂದು ಹೆಸರಿಟ್ಟವಳು ನೀನೇ. ಗೆರೆ ಎಳೆಯುತ್ತ ಬಗ್ಗಿ ಕೂತಿದ್ದರೂ, ಹಿಂದಿನಿಂದ ಸೀಮೆಸುಣ್ಣ ಹಿಡಿದು ಬಂದವಳಿಗೆ ತಲೆ ಎತ್ತದೆಯೇ "ಕುಂಚ ಅಲ್ಲಿದೆ, ತೊಳಿ ಹೋಗು" ಎನ್ನುತ್ತಿದ್ದ ಮಹಾನುಭಾವ. ಹೀಗಾಗಿ ನನ್ನ ಬಾಲ್ಯ, ಹರೆಯ ಎರಡೂ ಟರ್ಪೆಂಟೈನ್ ವಾಸನೆಯಲ್ಲೇ ಕಳೆದುಹೋದವು. ಅಂಥದ್ದರಲ್ಲಿ ಕಳೆದ ಬೇಸಿಗೆಯಿಂದ ನಾನು ಗೆಲ್ಲತೊಡಗಿದೆ, ಅತ್ತೆ! ಅಪ್ಪನ ಪಕ್ಕದಿಂದ ಟೀ ಲೋಟ ಎತ್ತಿಕೊಂಡು ಕುಡಿದು, ಖಾಲಿ ಲೋಟವನ್ನು ಅಲ್ಲೇ ಇಟ್ಟರೂ ಗೊತ್ತಾಗಲಿಲ್ಲ. ಅಂಗಿಯ ತೋಳಿಗೆ ಸೀಮೆಸುಣ್ಣದಲ್ಲಿ ಮೀಸೆ ಬರೆದೆ. ಅದನ್ನು ಹಾಗೇ ಹೊತ್ತು ಗಿರಾಕಿಯ ಮನೆಗೆ ಹೋಗಿಬಂದ. ಕೊನೆಗೆ ಕುಂಚ ತೊಳೆಯುವುದು ಅಪ್ಪನ ಪಾಲಿಗೇ ಬಂತು. ನಾನಂತೂ ಅಹಂಕಾರದಿಂದ ಉಬ್ಬಿ ಹಂಡೆಯಾದೆ. ನನಗೊಂದು ಬೋರ್ಡು ನಾನೇ ಬರೆದುಕೊಂಡು, ಕುಚೋದ್ಯ ಚಕ್ರವರ್ತಿನಿ ಎಂದು ಬಾಗಿಲಿಗೆ ನೇತುಹಾಕಿಕೊಂಡೆ. ಚಕ್ರವರ್ತಿನಿ ಎಂಬುದರ ಅಕ್ಷರಗಳು ಓರೆಯಾಗಿವೆಯೆಂದು ಅಪ್ಪ ರಾತ್ರಿ ಊಟ ಬಿಟ್ಟು ಎದ್ದು ತಿದ್ದಿದ. ಕೂದಲೆಳೆಯಷ್ಟು ಓರೆ. ಅಷ್ಟು ಸೂಕ್ಷ್ಮ ಕಾಣುವ ಕಣ್ಣಿಗೆ ಏನಾಗಿರಲು ಸಾಧ್ಯ, ಹೇಳು?

ಹೋದ ತಿಂಗಳು ಬಟ್ಟೆ ಅಂಗಡಿಯೊಂದರ ಹೊರಗೋಡೆ ಬರೆಯುತ್ತಿದ್ದೆವು. ಅಪ್ಪ ಗೋಡೆಗುಂಟ ಹಗ್ಗದಿಂದ ಕಟ್ಟಿದ ಸಾರುವೆಯ ಹಲಗೆಯ ಮೇಲೆ, ನಾನು ಕೆಳಗೆ ಬಣ್ಣ ಕಲಸುತ್ತ. ಸಾಲಿನ ಮೊದಲ ಅಕ್ಷರವನ್ನು ತಿದ್ದಿ ಅಪ್ಪ ಎಡಕ್ಕೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಹಲಗೆ ಮುಗಿದಿತ್ತು. ಕಾಲು ಗಾಳಿಗೆ ಇಳಿಯಿತು, ಕೈಗೆ ಹಗ್ಗ ಸಿಕ್ಕಿದ್ದರಿಂದ ಬದುಕಿದ. ಕೆಳಗಿಳಿದು ಬಂದವನೇ "ಹಲಗೆ ಜರುಗ್ಸಿದ್ಯಾ ಕೋತಿ?" ಎಂದು ನನ್ನ ಕಿವಿ ಹಿಂಡಿದ. ನಾನು ಹಲಗೆಯನ್ನು ಮುಟ್ಟಿರಲಿಲ್ಲ. ಕಿವಿ ಉಜ್ಜಿಕೊಳ್ಳುತ್ತ ನಿಂತು, ನನ್ನ ಗೆಲುವುಗಳನ್ನು ಒಂದೊಂದಾಗಿ ಎಣಿಸಿದೆ. ನಾನು ಗೆದ್ದದ್ದೆಲ್ಲ ಎಡಗಡೆಯಿಂದ. ಲೋಟ ಇದ್ದದ್ದು ಎಡಕ್ಕೆ, ಮೀಸೆ ಬರೆದದ್ದು ಎಡದೋಳಿಗೆ. ಬಲಗಡೆಯಿಂದ ಹೋದಾಗಲೆಲ್ಲ ಈಗಲೂ ಸಿಕ್ಕಿಬೀಳುತ್ತಿದ್ದೆ. ನನ್ನ ಕಲೆ ಬೆಳೆದಿರಲಿಲ್ಲ, ಅತ್ತೆ. ಅಪ್ಪನ ಲೋಕ ಒಂದು ಕಡೆಯಿಂದ ಕಿರಿದಾಗುತ್ತಿತ್ತು, ಅದರ ಮೇಲೆ ನಾನು ಕಿರೀಟ ಇಟ್ಟುಕೊಂಡು ಕೂತಿದ್ದೆ.

ಕಣ್ಣು ತೋರಿಸೋಣ ಎಂದರೆ ಕೇಳುವ ಪ್ರಾಣಿಯೇ ಅದು? "ಕಣ್ಣಾ? ನಂಗಾ?" ಎಂದು ನಕ್ಕ. ವರ್ಷದ ಹಿಂದೆ ಕನ್ನಡಕದ ಅಂಗಡಿಯವನು ಅಕ್ಷರದ ಹಲಗೆ ಓದಿಸಿ, ನಿಮಗೆ ಕನ್ನಡಕ ಮಾರಿದರೆ ನನಗೇ ಪಾಪ ಸುತ್ತಿಕೊಳ್ಳುತ್ತದೆ ಎಂದಿದ್ದನಂತೆ. ಅದೇ ವೇದವಾಕ್ಯ. ಆದ್ದರಿಂದ ನಾನು ಒಬ್ಬಳೇ ಕಣ್ಣಿನ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕೂತು, ಲೋಟ, ಮೀಸೆ, ಹಲಗೆ ಎಲ್ಲವನ್ನೂ ಒಪ್ಪಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, ಅಪ್ಪನ ವಯಸ್ಸೆಷ್ಟು, ಔಷಧಿ ಹಾಕಿ ಕಣ್ಣಿನ ಒಳಗೆ ಯಾರಾದರೂ ಯಾವತ್ತಾದರೂ ನೋಡಿದ್ದಾರೆಯೇ ಎಂದು ಕೇಳಿದರು. ವಯಸ್ಸು ಐವತ್ತು ದಾಟಿದೆ, ಒಳಗೆ ಯಾರೂ ಇಣುಕಿಲ್ಲ ಎಂದೆ. "ಅಕ್ಷರ ಓದ್ಸೋದು ಬಾಗಿಲು ತಟ್ಟೋದು ಅಷ್ಟೇ ಕಣಮ್ಮ, ಮನೆಯೊಳಗೆ ಹೋಗಿ ನೋಡ್ಬೇಕು. ನೋವಿಲ್ಲ, ಕಣ್ಣು ಕೆಂಪಾಗಲ್ಲ, ಹೇಳದೆ ಕೇಳದೆ ನೋಟ ಕದ್ಕೊಂಡು ಹೋಗೋ ಕಾಯಿಲೆಗಳಿವೆ. ಅದಕ್ಕೇ ನಲವತ್ತರ ಹೊತ್ತಿಗೆ ಏನೂ ತೊಂದರೆ ಇಲ್ದಿದ್ರೂ ಒಂದ್ಸಲ ಪೂರ್ತಿ ತೋರಿಸ್ಕೊಳ್ಳಿ ಅನ್ನೋದು" ಎಂದರು. ಅಪ್ಪ ಬರುವುದಿಲ್ಲ ಎಂದೆ. ಆಸ್ಪತ್ರೆಯ ಬೋರ್ಡು ಮಾಸಿರುವುದನ್ನು ನಾನು ಹೊರಗೇ ಗಮನಿಸಿದ್ದೆ. ನನ್ನ ಯೋಜನೆ ಕೇಳಿ ಡಾಕ್ಟರಮ್ಮ ಬಹಳ ಹೊತ್ತು ಸೀಲಿಂಗ್ ನೋಡಿದರು. ಆಮೇಲೆ ಸರಿ ಎಂದರು. ನನ್ನ ಜಾತಿಗೇ ಸೇರಿದವರು ಎಂದು ಆಗಲೇ ಗೊತ್ತಾಯಿತು.

ಹೀಗೆ ನಿನ್ನ ತಮ್ಮ ಅಳತೆ ಪಟ್ಟಿ, ಬಣ್ಣದ ಮಾದರಿಗಳ ಸಮೇತ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡ ಗಿರಾಕಿಯನ್ನು ನೋಡಲು ಹೊರಟ. ನನಗೂ ಬೆಳಕಿಗೆ ಕಣ್ಣು ಕುಕ್ಕುತ್ತಿದೆ, ತೋರಿಸಿಕೊಳ್ಳಲು ಜೊತೆಗೆ ಬಾ ಎಂದು ಸುಳ್ಳು ಹೇಳಿ ನಾನು ಅಮ್ಮನನ್ನೂ ಎಳೆದುಕೊಂಡು ಹೋದೆ. ಡಾಕ್ಟರಮ್ಮ "ಬೋರ್ಡು ಆಮೇಲೆ ಮಾತಾಡೋಣ, ನಮ್ಮ ಅಕ್ಷರ ಬರೆಯೋರ ಕಣ್ಣು ನಾವೇ ನೋಡ್ಬೇಕು ಅನ್ನೋದು ಇಲ್ಲಿನ ನಿಯಮ" ಎಂದರು, ಮುಖದ ಒಂದು ಗೆರೆಯೂ ಅಲುಗದಂತೆ. ಅಪ್ಪ ಅಕ್ಷರದ ಹಲಗೆಯನ್ನು ಕೊನೆಯ ಸಾಲಿನವರೆಗೂ ಓದಿ, ನಾಲ್ಕನೇ ಸಾಲಿನಲ್ಲಿ ಎರಡು ಅಕ್ಷರಗಳ ನಡುವಿನ ಜಾಗ ಹೆಚ್ಚಾಗಿದೆಯೆಂದು ತೀರ್ಪನ್ನೂ ಕೊಟ್ಟ. ಆಮೇಲೆ ಔಷಧಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ, ದೀಪ ಹಿಡಿದು ಒಳಗಿನ ನರ ನೋಡಿದರು. ಕಣ್ಣಿನೊಳಗಿನ ಒತ್ತಡ ಅಳೆದರು. ಅಳೆದದ್ದನ್ನೇ ಮತ್ತೊಮ್ಮೆ ಅಳೆದರು.

ಇನ್ನೊಂದು ದಿನ ಕರೆಸಿ ಒಂದು ಯಂತ್ರದ ಮುಂದೆ ಕೂರಿಸಿದರು. ಬೋಗುಣಿಯನ್ನು ಅಡ್ಡ ಮಲಗಿಸಿದ ಹಾಗಿರುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಕ್ಕಪಕ್ಕ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಬಲಗಣ್ಣಿನಲ್ಲಿ ಅಪ್ಪ ಟಕಟಕ ಒತ್ತಿದ. ಎಡಗಣ್ಣಿಗೆ ಬಂದಾಗ ಒಂದು ಒತ್ತು, ಆಮೇಲೆ ಮೌನ, ಇನ್ನೊಂದು ಒತ್ತು, ಮತ್ತೆ ಮೌನ. ಮುಗಿಸಿ ಎದ್ದವನು ಅಲ್ಲಿದ್ದ ಹುಡುಗಿಗೆ ಬಹಳ ಮರ್ಯಾದೆಯಿಂದ "ಈ ಮಿಷನ್ನಲ್ಲಿ ಒಂದಷ್ಟು ಬಲ್ಬು ಹೋಗಿವೆ ನೋಡಮ್ಮ, ಬೇರೆಯವ್ರಿಗೆ ತೊಂದರೆ ಆಗುತ್ತೆ" ಎಂದು ಹೇಳಿದ. ಡಾಕ್ಟರಮ್ಮ ನನ್ನನ್ನು ಅದೇ ಯಂತ್ರದ ಮುಂದೆ ಕೂರಿಸಿದರು. ನಾನು ಒತ್ತಿದೆ. ಎಡಗಡೆ, ಮೇಲೆ, ಕೆಳಗೆ, ಎಲ್ಲ ಕಡೆ ಬೆಳಕು ಬರುತ್ತಿತ್ತು. ಪ್ರತಿ ಒತ್ತಿಗೂ ಟಕ್ ಎನ್ನುತ್ತಿತ್ತು, ಅಪ್ಪ ನನ್ನ ಹಿಂದೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಜೀವನದಲ್ಲಿ ಮೊದಲ ಸಲ ನನಗೆ ಅಪ್ಪನೆದುರು ಗೆಲ್ಲುವುದು ಬೇಡವಾಗಿತ್ತು. ಒತ್ತದೆ ಬಿಟ್ಟುಬಿಡಲೇ ಎಂದೂ ಅನ್ನಿಸಿತು. ಒತ್ತಿದೆ.

ಗ್ಲಾಕೋಮಾ ಎನ್ನುತ್ತಾರೆ ಇದಕ್ಕೆ. ಕಣ್ಣಿನ ನರ ಅಂಚಿನ ನೋಟವನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತ ಬರುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದಾದ್ದರಿಂದ ಕೂದಲೆಳೆ ಕಾಣುತ್ತದೆ, ಹಲಗೆಯ ತುದಿ ಕಾಣುವುದಿಲ್ಲ. ಒಂದು ಕಣ್ಣಿನ ಕಳ್ಳತನವನ್ನು ಇನ್ನೊಂದು ಮುಚ್ಚಿಡುತ್ತದೆ, ಹಿಂದೆ ನೀನೂ ಅಪ್ಪನೂ ಒಬ್ಬರ ತಪ್ಪನ್ನೊಬ್ಬರು ತಾತನಿಂದ ಮುಚ್ಚಿಡುತ್ತಿದ್ದಿರಲ್ಲ, ಹಾಗೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ವಾಪಸು ಬರುವುದಿಲ್ಲ ಎಂದು ಡಾಕ್ಟರಮ್ಮ ನೇರವಾಗಿಯೇ ಹೇಳಿದರು. ಆದರೆ ಬಲಗಣ್ಣು ಹೆಚ್ಚುಕಡಿಮೆ ಪೂರ್ತಿ ಇದೆ. ದಿನವೂ ತಪ್ಪದೆ ಹನಿ ಹಾಕಿ, ಹೇಳಿದಾಗಲೆಲ್ಲ ಬಂದು ತೋರಿಸಿಕೊಂಡರೆ ಇರುವ ನೋಟವನ್ನು ಉಳಿಸಿಕೊಳ್ಳಬಹುದು. "ಇನ್ನೂ ಎರಡು ವರ್ಷ ಬಿಟ್ಟು ಬಂದಿದ್ರೆ ನಾನು ಹೀಗೆ ಮಾತಾಡ್ತಿರ್ಲಿಲ್ಲ" ಎಂದರು. ಅಮ್ಮನನ್ನೂ ಬಿಡಲಿಲ್ಲ. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಒಳಗೆ ನೋಡಿಸಿಕೊಳ್ಳಲೇಬೇಕಂತೆ. ಅಮ್ಮನದು ಚೊಕ್ಕವಾಗಿದೆ. ಆ ಹೆಮ್ಮೆಗೆ ಮನೆಯಲ್ಲಿ ಈಗ ನಿಲ್ಲಲು ಜಾಗವಿಲ್ಲ.

ಮೊದಲೆರಡು ದಿನ ಅಪ್ಪ ಕುಂಚವನ್ನೇ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸಾರುವೆಯ ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟು, "ಇನ್ಮೇಲೆ ನೀನು ಮೇಲೆ, ನಾನು ಕೆಳಗೆ. ಅಕ್ಷರದ ಹೊಟ್ಟೆ ದಪ್ಪ ಮಾಡಿದ್ರೆ ಹಗ್ಗ ಎಳಿತೀನಿ" ಎಂದ. ಅಂದಿನಿಂದ ಎತ್ತರದ ಕೆಲಸವೆಲ್ಲ ನನ್ನದು, ಕೋಣೆಯೊಳಗಿನ ಸಣ್ಣ ಅಕ್ಷರಗಳೆಲ್ಲ ಅಪ್ಪನವು. ಅವು ಎಂದಿನ ಹಾಗೇ ಮುತ್ತು ಪೋಣಿಸಿದಂತಿವೆ. ಹನಿ ಹಾಕುವವಳೂ ನಾನೇ. ಸಂಜೆ ಅಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಬಾಯಿಯನ್ನೂ ತೆರೆದುಕೊಂಡು ಕೂರುತ್ತಾನೆ. ಬಾಯಿ ಏಕೆ ತೆರೆಯುತ್ತಾನೋ ವಿಜ್ಞಾನಕ್ಕೂ ಗೊತ್ತಿಲ್ಲ. ಅದರೊಳಗೆ ಏನಾದರೂ ಹಾಕಬೇಕೆಂಬ ಆಸೆಯನ್ನು ನಾನು ಹೇಗೆ ತಡೆದುಕೊಳ್ಳುತ್ತಿದ್ದೇನೆ ಎಂಬುದು ನನಗೊಬ್ಬಳಿಗೇ ಗೊತ್ತು.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ನಿನ್ನ ಆಶೀರ್ವಾದ, ಬೈಗುಳ ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸಬೇಕಾಗಿ ಕೋರುತ್ತೇನೆ.

ಎಂದೆಂದೂ ನಿನ್ನ ವಿಧೇಯಳಲ್ಲದ,
ಕಪಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಓಡಬೇಕು. ಇದನ್ನು ನಿಧಾನವಾಗಿ ಓದು. ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವ ಸಾಧ್ಯತೆ ಹೆಚ್ಚು. ಒಡಹುಟ್ಟಿದವರು ಇದ್ದಾರೆಯೇ ಎಂದು ಡಾಕ್ಟರಮ್ಮ ಕೇಳಿದಾಗ ಅಪ್ಪ ಒಬ್ಬಳು ಅಕ್ಕ ಇದ್ದಾಳೆ ಎಂದ. ತಡಮಾಡದೆ ಪೂರ್ತಿ ಪರೀಕ್ಷೆ ಮಾಡಿಸಿ ಎಂದರು ಅವರು. ಹೊರಗೆ ಬಂದು "ಅಕ್ಕಂಗೆ ಹೇಳ್ಬೇಡ, ಒಬ್ಬಳೇ ಇರ್ತಾಳೆ, ಹೆದರ್ತಾಳೆ" ಎಂದು ನನ್ನಿಂದ ಮಾತು ತೆಗೆದುಕೊಂಡ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ. ನನಗೆ ಎಲ್ಲ ಚೆನ್ನಾಗಿ ಕಾಣುತ್ತೆ ಕಣೇ ಎನ್ನಬೇಡ, ಅಪ್ಪನಿಗೂ ಕಾಣುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಓದಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ನನ್ನ ಮಾತನ್ನು ನೀನು ಸುಲಭವಾಗಿ ನಂಬುವವಳಲ್ಲ, ನಂಬಲು ನಾನು ಕಾರಣವನ್ನೂ ಕೊಟ್ಟಿಲ್ಲ. ಆದ್ದರಿಂದ ಅಪ್ಪನಿಗೆ ಫೋನ್ ಮಾಡಿ ಎಡಗಣ್ಣಿನ ಬಗ್ಗೆ ನೇರವಾಗಿ ಕೇಳು. ಅವನು ಯಾರಿಗೆ ಸುಳ್ಳು ಹೇಳಿದರೂ ನಿನಗೆ ಹೇಳಲಾರ. ನಿಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ಗುರುವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಔಷಧಿ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಂಜುಮಂಜಾಗಿರುತ್ತದೆ, ಒಬ್ಬಳೇ ರಸ್ತೆ ದಾಟಬಾರದು. ಬುಧವಾರ ಸಂಜೆಯ ಬಸ್ಸಿಗೆ ನಾನು ಬರುತ್ತಿದ್ದೇನೆ. ನಿನ್ನ ಕೈ ಹಿಡಿದುಕೊಳ್ಳಲು.