ಸಕ್ಕರೆ ಡಬ್ಬಿಯಲ್ಲಿ ಸಿಕ್ಕ ಫಂಡಿನ ಕಾಗದ

ರೀ,

ಇವತ್ತು ಮೊದಲ ಬಸ್ ನಾನೇ ಓಡಿಸಬೇಕು, ಹೊರಟೆ. ಚಹಾ ಫ್ಲಾಸ್ಕಿನಲ್ಲಿದೆ. ಸಕ್ಕರೆ ನೀವೇ ಹಾಕಿಕೊಳ್ಳಿ. ಡಬ್ಬಿಯೊಳಗೆ ನೀವು ಬಚ್ಚಿಟ್ಟಿದ್ದ ಫಂಡಿನ ಕಾಗದ ಇರುವೆಗಳಿಗಿಂತ ಮುಂಚೆ ನನಗೇ ಸಿಕ್ಕಿತು.

ಮೂರು ವರ್ಷದ ಲೆಕ್ಕ ಓದಿದೆ. ಜಾಣ ಮ್ಯಾನೇಜರ್ ಷೇರು ಆರಿಸುವ ನಿಮ್ಮ ಫಂಡಿಗಿಂತ, ಮಾರುಕಟ್ಟೆಯ ಹಿಂದೆ ಸುಮ್ಮನೆ ಹೋಗುವ ನನ್ನ ಇಂಡೆಕ್ಸ್ ಫಂಡೇ ಮುಂದಿದೆ. ನನ್ನದು ಬಸ್ಸಿನ ಥರ, ಒಂದೇ ದಾರಿ, ಕಡಿಮೆ ಚಾರ್ಜು. ನಿಮ್ಮದು ಒಳದಾರಿ ಹುಡುಕುವ ಟ್ಯಾಕ್ಸಿ. ಸಿಕ್ಕಿಹಾಕಿಕೊಂಡು ನಿಂತರೂ ಮೀಟರ್ ಓಡುತ್ತಲೇ ಇರುತ್ತೆ.

ಮುಖ ಸಣ್ಣದು ಮಾಡಿಕೊಳ್ಳಬೇಡಿ. ಎರಡೂ ಸೇರಿ ಮಗಳ ಕಾಲೇಜು ಫೀಸಿಗೆ ಸಾಕಾಗಿ ಮಿಗುತ್ತೆ! ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಅವಳನ್ನು ಎಬ್ಬಿಸಿ ನೀವೇ ಹೇಳಿ.

ನಿಮ್ಮ ಫಂಡನ್ನು ಪೂರ್ತಿ ಮಾರಿಸಲ್ಲ. ಬೆಳಗ್ಗೆ ಬ್ರಷ್ ಬಾಯಲ್ಲಿಟ್ಟುಕೊಂಡೇ "ಏರಿತು ಕಣೇ" ಅಂತ ನೀವು ಓಡಿ ಬರದಿದ್ದರೆ ಮನೆ ಬಿಕೋ ಅನ್ನುತ್ತೆ. ಇನ್ನು ಮೇಲೆ ನಮ್ಮ ದುಡ್ಡಿನಲ್ಲಿ ನೂರಕ್ಕೆ ಎಪ್ಪತ್ತು ನನ್ನ ಫಂಡಿಗೆ, ಮೂವತ್ತು ನಿಮ್ಮದಕ್ಕೆ. ಹಾಗೆ ಬದಲಿಸುವ ಫಾರಂಗೆ ಸಹಿ ಹಾಕಿದ್ದೇನೆ, ನೀವೂ ಹಾಕಿ.

ಯಾರ ಫಂಡು ಮುಂದೆ ಹೋಗುತ್ತೆ ಅಂತ ಮೂರು ವರ್ಷದ ಹಿಂದೆ ನಾವು ಕಟ್ಟಿದ ಪಂದ್ಯ ನೆನಪಿದೆಯಲ್ಲ? ಸಿಂಕಿನಲ್ಲಿರುವ ಪಾತ್ರೆ ಮಾತ್ರ ನೂರಕ್ಕೆ ನೂರು ನಿಮ್ಮದೇ.