ತಿಮಿಂಗಿಲದ ಬೆನ್ನ ಮೇಲೆ ಬೂಟು

ಅಪ್ಪಾ,

ಸತ್ತವರಿಗೆ ಅಂಚೆಯಿಲ್ಲ, ಗೊತ್ತು. ಆದರೂ ಇದನ್ನು ನಿನಗೆ ಹೇಳದೆ ನನಗೆ ಊಟ ಸೇರುವುದಿಲ್ಲ.

ಇವತ್ತು ನಮ್ಮ ಹಿರಿಯರು ತಿಮಿಂಗಿಲ ಕೆತ್ತಿದ ಬಂಡೆಗೆ ಸಿಡ್ನಿಯಿಂದ ಒಂದು ಬಸ್ಸಿನ ತುಂಬ ಪ್ರವಾಸಿಗರು ಬಂದಿದ್ದರು. ಗೈಡ್ ಬೂಟುಗಾಲಲ್ಲೇ ತಿಮಿಂಗಿಲದ ಬೆನ್ನ ಮೇಲೆ ನಿಂತು, "ಇದನ್ನ ಕೆತ್ತಿದ ಆದಿವಾಸಿಗಳ ವಂಶ ಯಾವತ್ತೋ ಅಳಿದುಹೋಯ್ತು, ಪಾಪ" ಅಂದ.

ನಾನು ಬೂಟು ಬಿಚ್ಚಿ ಬಂಡೆ ಹತ್ತಿದೆ. ನೀನು ಮಾಡುತ್ತಿದ್ದ ಹಾಗೆಯೇ ಕೆತ್ತಿದ ಗೀರಿನುದ್ದಕ್ಕೂ ನೀರು ಸುರಿದೆ. ಬಾಲ, ಬೆನ್ನು, ಕೊನೆಗೆ ಕಣ್ಣು ಎದ್ದು ಕಂಡಿತು.

"ಅಳಿದುಹೋದೋರಲ್ಲಿ ನಾನೂ ಒಬ್ಳು. ಮೊದ್ಲು ಅದರ ಬೆನ್ನಿಂದ ಕೆಳಗಿಳೀರಿ."

ನೆರಳಲ್ಲಿ ಕೂತಿದ್ದ ನಿನ್ನ ತಂಗಿ ಡಲ್ಸಿ ಅತ್ತೆ ಅಲ್ಲಿಂದಲೇ ಕೂಗಿದಳು: "ಸತ್ತೋಳ ಬಾಯೇ ಇಷ್ಟು ಜೋರಿದ್ರೆ, ಬದುಕಿರೋ ನನ್ನ ಬಾಯಿ ಹೆಂಗಿರ್ಬೇಕು ಹೇಳಪ್ಪ!"

ಗೈಡ್ ಇಳಿದ.

ನಾಲ್ಕನೇ ತರಗತಿಯಲ್ಲಿ ನಮ್ಮ ಟೀಚರ್ ಇದೇ ಬಂಡೆಯ ಪಕ್ಕ ಇದೇ ಮಾತು ಹೇಳಿದ್ದರು. ಶಾಲೆಯ ಬಸ್ಸು ಓಡಿಸಿಕೊಂಡು ಬಂದವನು ನೀನು. ಅಷ್ಟು ಮಕ್ಕಳ ನಡುವೆ ನೀನೊಬ್ಬನೇ ಬರಿಗಾಲಲ್ಲಿ ನಿಂತು ನನ್ನನ್ನೇ ನೋಡಿದೆ. ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ. ಅದು ಬಿಚ್ಚಿರಲೇ ಇಲ್ಲ.

ನಾಳೆ ಇನ್ನೊಂದು ಬಸ್ಸು ಬರುತ್ತದಂತೆ. ಬರಲಿ. ನಾನು ಮನೆಯಿಂದಲೇ ಬರಿಗಾಲಲ್ಲಿ ಹೊರಡುತ್ತೇನೆ.